ಕೊನೆಯ ರೇಟು

ಈ ಚಹಾ ಕುಡಿದರೆ ಅರ್ಧ ಸೋತಂತೆ ಎಂದು ಜತ್ತಪ್ಪ ರೈ ತನ್ನಷ್ಟಕ್ಕೆ ಹೇಳಿಕೊಂಡ. ಗಾಡಿ ಷೋರೂಮಿನ ಗಾಜಿನ ಮೇಜಿನ ಮೇಲೆ ಕಾಗದದ ಲೋಟ ಹಬೆಯಾಡುತ್ತಿತ್ತು, ಪಕ್ಕದ ತಟ್ಟೆಯಲ್ಲಿ ಚಾಕಲೇಟು. ಮಕ್ಕಳಿಗೆ ಕೊಡುವುದನ್ನು ಮೊಮ್ಮಕ್ಕಳಿರುವ ಮನುಷ್ಯನ ಮುಂದೆ ಏಕೆ ಇಟ್ಟಿದ್ದಾರೆ? ಬಾಯಿ ಸಿಹಿಯಾದವನಿಗೆ ಗಟ್ಟಿ ಮಾತು ಬರುವುದಿಲ್ಲ, ಅದಕ್ಕೇ ಇರಬೇಕು. ಹೊರಗೆ ಪುತ್ತೂರಿನ ಬೈಪಾಸು ಏಪ್ರಿಲ್ ಬಿಸಿಲಿಗೆ ಬೆಳ್ಳಗೆ ಕಾಯುತ್ತಿತ್ತು, ಒಳಗೆ ಕಾಲಬೆರಳು ಮರಗಟ್ಟುವಷ್ಟು ತಂಪು. ಆ ತಂಪಿನಲ್ಲೂ ಏನೋ ಹೂಟ ಇದೆಯೆಂದು ಅವನಿಗೆ ಅನಿಸಿತು. ಬೆವರುವವನು ಬೇಗ ಎದ್ದು ಹೋಗುತ್ತಾನೆ, ತಣ್ಣಗೆ ಕುಳಿತವನು ಕುಳಿತೇ ಇರುತ್ತಾನೆ. ಕುಮುದಿನಿ ಆಗಲೇ ತನ್ನ ಚಹಾ ಮುಗಿಸುತ್ತಿದ್ದಳು. ಮೂವತ್ತೆರಡು ವರ್ಷ ಜೊತೆಗೆ ಬಾಳಿಯೂ ಇವಳು ಇದೊಂದನ್ನು ಕಲಿಯಲಿಲ್ಲ. ಎಲ್ಲಿ ಹೋದರೂ ಕೊಟ್ಟದ್ದನ್ನು ಕುಡಿಯುತ್ತಾಳೆ, ನಗುತ್ತಾಳೆ, ಎದುರಿನವರ ಊರು ಮನೆ ವಿಚಾರಿಸುತ್ತಾಳೆ.

ಗಾಡಿ ತೋರಿಸಿದ ಹುಡುಗಿಯ ಹೆಸರು ಆಫ್ರಾ ಎಂದು ಎದೆಯ ಮೇಲಿನ ಪಟ್ಟಿ ಹೇಳುತ್ತಿತ್ತು. ತಲೆಗೆ ಸುತ್ತಿದ ನೀಲಿ ಬಟ್ಟೆ, ಕೈಯಲ್ಲಿ ಕ್ಯಾಲ್ಕುಲೇಟರ್. ಅವನೊಡನೆ ಅವಳು ಸ್ವಚ್ಛ ಕನ್ನಡದಲ್ಲಿ, ಸರ್, ಸರ್ ಎಂದು ಮಾತಾಡುತ್ತಿದ್ದಳು. ಸಕ್ಕರೆ ಬೇಕಾ ಎಂದು ಕುಮುದಿನಿಯನ್ನು ಕೇಳಿದ್ದು ಮಾತ್ರ ತುಳುವಿನಲ್ಲಿ. ಇವಳ ಭಾಷೆ ತುಳು ಎಂದು ಆ ಹುಡುಗಿಗೆ ಹೇಳಿದವರು ಯಾರು? ಮುಖದಲ್ಲಿ ಬರೆದಿದೆಯೇ? ಹಾಗೆ ನೋಡಿದರೆ ಒಳಗೆ ಕಾಲಿಡುವಾಗಲೇ ಅವನ ಕಣ್ಣಿಗೆ ಒಂದು ಸಂಗತಿ ಬಿದ್ದಿತ್ತು. ಬಾಗಿಲ ಹತ್ತಿರ ಆಳೆತ್ತರದ ಬೋರ್ಡೊಂದು ಶಿಕ್ಷೆಗೆ ನಿಲ್ಲಿಸಿದ ಮಗುವಿನ ಹಾಗೆ ಗೋಡೆಗೆ ಮುಖ ಮಾಡಿ ನಿಂತಿತ್ತು. "ಅದೆಂತ ಬೋರ್ಡು?" ಎಂದು ಕೇಳಿದ್ದಕ್ಕೆ ಕುಮುದಿನಿಯೇ, "ಹಳತಾಗಿರ್ಬೇಕು, ಬನ್ನಿ," ಎಂದು ಮುಂದೆ ನಡೆದಿದ್ದಳು.

"ಸರ್, ಎಲ್ಲಾ ಸೇರಿ ಇಷ್ಟಾಗ್ತದೆ," ಎಂದು ಆಫ್ರಾ ಕ್ಯಾಲ್ಕುಲೇಟರನ್ನು ಅವನ ಕಡೆ ತಿರುಗಿಸಿದಳು.

"ಇದು ಬಾಯಿಮಾತಿನ ರೇಟು. ಕೊನೆಯ ರೇಟು ಹೇಳಿ."

"ಕೊನೆಯದ್ದು ಮ್ಯಾನೇಜರ್ ಹೇಳ್ಬೇಕು ಸರ್."

"ಹಾಗಾದ್ರೆ ನಾನು ನಿಮ್ಮತ್ರ ಎಂತಕ್ಕೆ ಮಾತಾಡುದು?"

"ನೀವು ನನ್ನತ್ರ ಮಾತಾಡಿದ್ರೆ ನಾನು ಅವರತ್ರ ಮಾತಾಡ್ತೇನೆ."

ಮಾತು ತಯಾರು ಮಾಡಿಟ್ಟ ಹಾಗಿತ್ತು. ಜತ್ತಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಗಾಡಿಯ ಕಡೆ ನೋಡಿದ. ಏಳು ಜನ ಕೂರುವ, ಪಕ್ಕಕ್ಕೆ ಸರಿಯುವ ಬಾಗಿಲಿನ ಬಿಳಿ ವ್ಯಾನು, ದೀಪದ ಕೆಳಗೆ ಮಿಂದು ಕುಳಿತ ಮದುಮಗಳಂತೆ ಇತ್ತು. ಇಷ್ಟು ದೀಪ ಹಾಕಿದರೆ ನಮ್ಮ ಹಳೇ ಜೀಪೂ ಹೊಳೆಯುತ್ತದೆ. ಇದಕ್ಕೆ ಮೊದಲು ಅವನು ಎರಡು ಕಡೆ ಎದ್ದು ಬಂದಿದ್ದ. ಸುಳ್ಯದಲ್ಲಿ ಕುಳಿತ ಐದು ನಿಮಿಷದಲ್ಲೇ ಅವರು ರೇಟು ಇಳಿಸಿದ್ದರು. ಇಷ್ಟು ಬೇಗ ಇಳಿಸುವವನು ಎಷ್ಟು ಏರಿಸಿದ್ದನೋ ಎಂದು ಎದ್ದ. ಮಂಗಳೂರಿನಲ್ಲಿ ಒಂದು ರೂಪಾಯಿಯೂ ಇಳಿಸಲಿಲ್ಲ. ಇಳಿಸದವನು ಬೇರೆಲ್ಲೋ ಹಿಡಿಯುತ್ತಾನೆ ಎಂದು ಅಲ್ಲಿಂದಲೂ ಎದ್ದ. ಎರಡು ಸಲವೂ ಮನೆ ತಲುಪಿದೊಡನೆ ಕುಮುದಿನಿ ನೇರ ಅಡುಗೆಮನೆಗೆ ನಡೆದಳು. ಆಲಂಕಾರಿನ ಮನೆಯ ಜಗಲಿಯಲ್ಲಿ ಕುಳಿತ ಅಮ್ಮ ಸೀತು ಮಾತ್ರ, "ಗಾಡಿ ಬಂತಾ?" ಎಂದು ಅಂಗಳದತ್ತ ಕತ್ತು ಚಾಚಿದ್ದಳು.

ಅಮ್ಮನ ವಿಷಯ ಈಗ ನೆನಪಾಗುವುದು ಬೇಡವಿತ್ತು. ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದ ಮೇಲೆ ಅವಳನ್ನು ವಾರಕ್ಕೊಮ್ಮೆ ಪುತ್ತೂರಿನ ಆಸ್ಪತ್ರೆಗೆ ವ್ಯಾಯಾಮಕ್ಕೆ ಕರೆತರಬೇಕು. ಜೀಪಿನ ಮೆಟ್ಟಿಲು ಅವಳ ಮೊಣಕಾಲಿನಷ್ಟು ಎತ್ತರ. ತೆಂಗಿನಕಾಯಿ ಕೀಳುವ ವೆಂಕಪ್ಪ ಒಂದು ಕಡೆ, ಇವನು ಒಂದು ಕಡೆ ಹಿಡಿದು ಎತ್ತುತ್ತಾರೆ. ಹೋದ ವಾರ ಹಾಗೆ ಎತ್ತುವಾಗ ಸೀರೆ ಮೇಲೆ ಸರಿದು ಅಮ್ಮನ ತೊಡೆ, ಆ ಸುಕ್ಕುಗಟ್ಟಿದ ಬಿಳಿ ತೊಡೆ, ಬಿಸಿಲಿಗೆ ಬಿತ್ತು. ಅವಳಿಗೆ ಸೀರೆ ಎಳೆದುಕೊಳ್ಳಲು ಕೈ ಬಿಡುವಿರಲಿಲ್ಲ, ಎರಡು ಕೈಯೂ ಇವರಿಬ್ಬರ ಕುತ್ತಿಗೆಗಿತ್ತು. ವೆಂಕಪ್ಪ ಆಕಾಶ ನೋಡಿದ. ಕುಮುದಿನಿ ಓಡಿಬಂದು ಸೀರೆ ಎಳೆದು ಮುಚ್ಚಿದಳು, ಆಮೇಲೆ ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು. ಬೈಗುಳ ಇರಲಿಲ್ಲ ಆ ನೋಟದಲ್ಲಿ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ದಾರಿಯಲ್ಲಿ ಅಮ್ಮ ಕಣ್ಣು ಮುಚ್ಚಿಕೊಂಡೇ ಇದ್ದಳು, ನಿದ್ದೆ ಬಂದಿರಲಿಲ್ಲ.

"ಇನ್ಶೂರೆನ್ಸ್ ನಾವು ಹೊರಗೆ ಮಾಡಿಸಿದ್ರೆ?" ಎಂದು ಜತ್ತಪ್ಪ ಕೇಳಿದ. ಮಾಡಿಸಬಹುದು ಸರ್, ಎಂದಳು ಹುಡುಗಿ. ಹಾಗಾದರೆ ಇದರಲ್ಲಿ ಯಾಕೆ ಸೇರಿಸಿದ್ದು ಎಂದು ಕೇಳಿದ. ತೆಗೆದಳು. ತೆಗೆದ ಮೇಲೆ ಅವನಿಗೆ ಹೊಸ ಹೆದರಿಕೆ. ಇಷ್ಟು ಸುಲಭಕ್ಕೆ ತೆಗೆದರು ಎಂದರೆ ನಾಳೆ ಗಾಡಿ ಗುದ್ದಿದರೆ ಇವರು ಕೈ ತೊಳೆದುಕೊಳ್ಳುತ್ತಾರೆ. "ಇರ್ಲಿ, ಸೇರ್ಸಿ," ಎಂದ. ಅವಳು ಮತ್ತೆ ಸೇರಿಸಿದಳು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಬಣ್ಣದ ಮೇಲೆ ಹಚ್ಚುವ ಅದೆಂತದೋ ಕೋಟಿಂಗು ಬೇಡವೆಂದ, ತೆಗೆದಳು. ಹಳೇ ಜೀಪಿಗೆ ಕಟ್ಟಿದ ಬೆಲೆ ಕೇಳಿ, "ಇದು ಗುಜರಿಯವನ ರೇಟು," ಎಂದ. ಮಾತು ಜಗ್ಗಿತು, ಸಡಿಲವಾಯಿತು, ಮತ್ತೆ ಜಗ್ಗಿತು. ಅವನಿಗೆ ಮೈಯಲ್ಲಿ ರಕ್ತ ಓಡುವ ಸದ್ದು ಕೇಳಿಸತೊಡಗಿತು. ಜವಳಿ ಅಂಗಡಿಯಲ್ಲಿ, ಮಗಳು ಶರ್ಮಿಳಾಳ ಮದುವೆಗೆ ಕಲ್ಯಾಣಮಂಟಪದವನ ಎದುರು, ತನ್ನ ಅಂಗಳದಲ್ಲಿ ಏಣಿ ಒರಗಿಸಿ ನಿಂತ ವೆಂಕಪ್ಪನ ಎದುರು, ಪ್ರತಿ ಸಲ ಹೀಗೇ ಆಗುತ್ತಿತ್ತು. ಎದುರಿನವನು ಒಂದು ಹಂತದಲ್ಲಿ ಕಣ್ಣು ತಗ್ಗಿಸುತ್ತಾನೆ. ಆ ಕ್ಷಣ ಬಂತೆಂದರೆ ಸಾಕು, ತನ್ನನ್ನು ಮಂಗ ಮಾಡಲು ಹೊರಟ ಲೋಕ ಇವತ್ತಿನ ಮಟ್ಟಿಗೆ ಸೋತಿತು ಎಂದು ರಾತ್ರಿ ನಿದ್ದೆ ಬರುತ್ತದೆ.

ಆಗ ಒಂದು ವಿಚಿತ್ರ ನಡೆಯಿತು. ಕುಮುದಿನಿ ಚೀಲ ಹೆಗಲಿಗೇರಿಸಿ ಎದ್ದು ನಿಂತಳು.

"ಏಳಿ, ಹೋಗುವ. ಇವರಿಗೆ ಕೊಡುವ ಮನಸ್ಸಿಲ್ಲ."

ಜತ್ತಪ್ಪ ಅವಳನ್ನೇ ನೋಡಿದ. ಇದುವರೆಗೆ ಯಾವ ಅಂಗಡಿಯಲ್ಲೂ ಅವಳು ಅವನಿಗಿಂತ ಮೊದಲು ಎದ್ದವಳಲ್ಲ. ಅವನ ತೋಳು ಹಿಡಿದು ಕೂರಿಸುವವಳು, ಸಾಕು ಮಾರಾಯ್ರೆ ಎಂದು ಕಣ್ಣಲ್ಲೇ ಬೇಡುವವಳು. ಈಗ ಅವಳ ದವಡೆ ಬಿಗಿದಿತ್ತು. ಕೊನೆಗೂ ಇವಳಿಗೆ ತಿಳಿಯಿತು ಎಂಬ ಒಂದು ಬಗೆಯ ಹೆಮ್ಮೆ ಅವನಲ್ಲಿ ಹಬ್ಬಿತು. ಆಫ್ರಾ ಗಾಬರಿಯಾದವಳಂತೆ, "ಆಂಟಿ, ಕೂತ್ಕೊಳ್ಳಿ, ಐದು ನಿಮಿಷ. ಸಂಪ್ರೀತ್ ಸರ್ ಹತ್ರ ಕೊನೆಯ ರೇಟು ಕೇಳಿ ಬರ್ತೇನೆ," ಎಂದು ಗಾಜಿನ ಕೋಣೆಯತ್ತ ನಡೆದಳು. ಅಲ್ಲಿ ಮ್ಯಾನೇಜರು ಫೋನು ಕಿವಿಗೆ ಹಿಡಿದು ತಲೆಯಾಡಿಸುವುದು ಕಾಣುತ್ತಿತ್ತು. ಸದ್ದು ಹೊರಗೆ ಬರುತ್ತಿರಲಿಲ್ಲ. ಅಭ್ಯಾಸದಂತೆ ಅವನ ತುಟಿಯ ಚಲನೆ ಓದಲು ನೋಡಿ, ಆಗದೆ, ಜತ್ತಪ್ಪ ಹೊರಗೆ ನಿಂತ ಗಾಡಿಗಳ ಬಣ್ಣ ನೋಡಿ ಬರುತ್ತೇನೆಂದು ಹಿತ್ತಲ ಅಂಗಳಕ್ಕೆ ಬಂದ.

ಬಿಸಿಲಿಗೆ ಸಾಲಾಗಿ ಗಾಡಿಗಳು ನಿಂತಿದ್ದವು. ಸರ್ವಿಸಿಗೆ ಬಂದವುಗಳ ನಡುವೆ ಅಂಥದೇ ಇನ್ನೊಂದು ವ್ಯಾನು, ಬೂದು ಬಣ್ಣದ್ದು, ಅದರ ನೆರಳಿನಲ್ಲಿ ಸ್ಟೂಲು ಹಾಕಿಕೊಂಡು ಡೊಂಬಯ್ಯ ಕುಳಿತಿದ್ದ. ಆಲಂಕಾರಿನ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು, ಯಾರಿಗೂ ಕೆಟ್ಟದ್ದು ಬಯಸದ, ಹೇಳಬಾರದ್ದನ್ನೂ ನಗುತ್ತಲೇ ಹೇಳಿಬಿಡುವ ಮನುಷ್ಯ.

"ಓ, ಜತ್ತಪ್ಪಣ್ಣ. ಇವತ್ತು ಬುಕ್ ಮಾಡುದಾ? ಒಳ್ಳೆ ಗಾಡಿ ಮಾರಾಯ್ರೆ. ನಾನು ತಗೊಂಡು ತಿಂಗಳಾಯ್ತು."

"ಎಷ್ಟಕ್ಕೆ ಕೊಟ್ರು?" ಧ್ವನಿಯನ್ನು ಆದಷ್ಟು ಸಾದಾ ಇಟ್ಟು ಜತ್ತಪ್ಪ ಕೇಳಿದ.

ಡೊಂಬಯ್ಯ ಹೇಳಿದ. ಒಳಗೆ ತಾನು ಇಷ್ಟು ಹೊತ್ತು ಬೆವರು ಸುರಿಸಿ ಎಳೆದು ತಂದ ರೇಟಿಗಿಂತ ಇಪ್ಪತ್ತು ಸಾವಿರ ಕಡಿಮೆ.

"ಎಷ್ಟು ಸಲ ಮಾತಾಡಿದ್ದು ನೀನು?"

"ಎಂತ ಮಾತಾಡುದು? ಆಫರ್ ಅಲ್ವಾ, ಎಲ್ಲರಿಗೂ ಒಂದೇ ರೇಟು. ಬಾಗಿಲಲ್ಲಿ ಅಷ್ಟು ದೊಡ್ಡ ಬೋರ್ಡು ಉಂಟಲ್ಲ. ಮೊನ್ನೆ ಕುಮುದಿನಿಯಕ್ಕ ಬಂದಾಗಲೂ ನಾನು ಇಲ್ಲೇ ಇದ್ದೆ, ಅವರಿಗೂ ಹೇಳಿದ್ದೆನಲ್ಲ. ಅವರು ಹೇಳ್ಲಿಲ್ವಾ ನಿಮಗೆ?"

ಹೇಳಿದ್ದಳು, ಹೇಳಿದ್ದಳು ಎಂದು ಜತ್ತಪ್ಪ ತೊದಲಿದ. ಮೊನ್ನೆ ಅವಳು ಅಮ್ಮನ ಮಾತ್ರೆ ತರುತ್ತೇನೆಂದು ಬಸ್ಸಿನಲ್ಲಿ ಬಂದಿದ್ದಳು. ಮಾತ್ರೆ ತಂದದ್ದೂ ನಿಜ. ಇಲ್ಲಿಗೇಕೆ ಬಂದಳು? ಇವರ ಜೊತೆ ಸೇರಿ ಇಪ್ಪತ್ತು ಸಾವಿರ ಏರಿಸಿ ಅದರಲ್ಲಿ ಪಾಲು? ಯೋಚನೆ ಹೊಕ್ಕ ಕೂಡಲೇ ಅವನಿಗೆ ಹೇಸಿಗೆಯಾಯಿತು. ಆದರೆ ಹೊಕ್ಕ ಯೋಚನೆ ಹೊರಡಲಿಲ್ಲ. ಅವಳ ತಮ್ಮನ ಮನೆಯ ಗೃಹಪ್ರವೇಶ ಮುಂದಿನ ತಿಂಗಳು. ಸೊಸೈಟಿಯ ಪಾಸುಬುಕ್ಕನ್ನು ಅವಳು ಕಪಾಟಿನ ಮೇಲಿನ ಅರೆಗೆ ಏರಿಸಿದ್ದು ಯಾವಾಗ? ಅವನು ಸರಸರನೆ ಮುಂದಿನ ಬಾಗಿಲಿಗೆ ಸುತ್ತಿ ಬಂದು ಆ ಬೋರ್ಡಿನ ಅಂಚಿಗೆ ಕೈ ಹಾಕಿ ತಿರುಗಿಸಿದ. ನಗುವ ಗಂಡ, ಹೆಂಡತಿ, ಮುದುಕಿ, ಇಬ್ಬರು ಮಕ್ಕಳು, ಹಿಂದೆ ಬಿಳಿ ವ್ಯಾನು. ಕೆಳಗೆ ಕೆಂಪು ಅಕ್ಷರದಲ್ಲಿ ತಿಂಗಳ ಕೊನೆಯವರೆಗಿನ ರಿಯಾಯಿತಿ. ಡೊಂಬಯ್ಯ ಹೇಳಿದ್ದೇ ಲೆಕ್ಕ.

"ಸರ್."

ಆಫ್ರಾ ಹಿಂದೆ ನಿಂತಿದ್ದಳು. ಈಗ ಅವಳ ಮುಖದಲ್ಲಿದ್ದದ್ದು ನಿಜವಾದ ಗಾಬರಿ. ಆಗಿನದ್ದಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ನೋಡಿಯೇ ಅವನಿಗೆ ಅರ್ಧ ತಿಳಿಯಿತು.

"ಇದನ್ನು ತಿರುಗಿಸಿ ಇಡ್ಲಿಕ್ಕೆ ಯಾರು ಹೇಳಿದ್ದು?"

ಅವಳು ಒಳಗೆ ಕುಳಿತ ಕುಮುದಿನಿಯ ಬೆನ್ನಿನ ಕಡೆ ನೋಡಿದಳು. "ಸರ್, ಒಂದು ರೂಪಾಯಿ ಜಾಸ್ತಿ ತಗೊಳ್ಳುದಿಲ್ಲ. ಈಗ ಸಂಪ್ರೀತ್ ಸರ್ ಹೇಳುವ ಕೊನೆಯ ರೇಟು ಇದೇ. ಮೊದಲೇ ಇದನ್ನು ಹೇಳ್ಬೇಡಿ ಅಂತ ಆಂಟಿ ಹೇಳಿದ್ರು, ಅಷ್ಟೆ."

"ಯಾಕೆ?"

ಅವಳು ಹೇಳಲೋ ಬೇಡವೋ ಎಂದು ಕೈಯ ಪೆನ್ನನ್ನು ತೆರೆದು ಮುಚ್ಚಿದಳು. "ತಾನಾಗಿ ಕಮ್ಮಿ ಮಾಡಿದ್ರೆ ನಮ್ಮವರು ನಂಬುದಿಲ್ಲ, ಎದ್ದು ಹೋಗ್ತಾರೆ ಅಂದ್ರು. ಅವರೇ ಎಳೆದು ಕಮ್ಮಿ ಮಾಡಿದ ಹಾಗೆ ಆದ್ರೆ ತಗೊಳ್ತಾರೆ ಅಂತ. ಅತ್ತೆಯನ್ನು ಜೀಪಿಗೆ ಎತ್ತುದು ಇನ್ನು ಆಗುದಿಲ್ಲ ಮಗಾ ಅಂತ ಹೇಳುವಾಗ ಆಂಟಿ ಅತ್ರು ಸರ್. ನನಗೆ ಇಲ್ಲ ಹೇಳ್ಲಿಕ್ಕೆ ಆಗ್ಲಿಲ್ಲ." ಮತ್ತೆ ಮೆಲ್ಲಗೆ, "ನಾನು ಹೇಳಿದೆ ಅಂತ ಅವರಿಗೆ ಹೇಳ್ಬೇಡಿ," ಎಂದಳು.

ಜತ್ತಪ್ಪ ಬೋರ್ಡನ್ನು ಮೊದಲಿದ್ದ ಹಾಗೆ ಗೋಡೆಗೆ ತಿರುಗಿಸಿದ. ಏಕೆ ತಿರುಗಿಸಿದೆನೆಂದು ಅವನಿಗೇ ತಿಳಿಯಲಿಲ್ಲ. ಕೈ ತಾನಾಗಿ ಮಾಡಿತು. ಕೈ ತೊಳೆಯುವ ಕೋಣೆಗೆ ಹೋಗಿ ನಲ್ಲಿ ಬಿಟ್ಟು ನಿಂತ. ನೀರು ಹರಿಯುತ್ತಿರುವಾಗ ವೆಂಕಪ್ಪ ಕಾಣಿಸಿದ. ಮರವೊಂದಕ್ಕೆ ಇಷ್ಟು ಎಂದು ಕೇಳುವುದು, ಇವನು ಜಗ್ಗುವುದು, ಕೊನೆಗೆ ಅವನು ಕಣ್ಣು ತಗ್ಗಿಸಿ, "ಆಯ್ತು ಧಣಿ," ಎನ್ನುವುದು, ಕೆಲಸ ಮುಗಿದ ಮೇಲೆ ಚಹಾಕ್ಕೆಂದು ಅಡುಗೆಮನೆಯ ಹಿಂಬದಿಗೆ, ಕುಮುದಿನಿಯ ಬಳಿಗೆ ಹೋಗುವುದು. ಚಹಾ ಕುಡಿಯಲು ಅಷ್ಟು ಹೊತ್ತು ಏಕೆ? ಹೊರಟವನ ಮುಖದಲ್ಲಿ ಒಂದು ಸಲವಾದರೂ ಸೋತ ಕಳೆ ಇತ್ತೇ? ಜವಳಿ ಅಂಗಡಿಯ ಮುದುಕ ಪ್ರತಿ ಸಲ ಮೂರನೆಯ ಮಾತಿಗೆ ಸರಿಯಾಗಿ ಇಳಿಯುತ್ತಿದ್ದ. ಅದಕ್ಕೆ ಮೊದಲು ಕುಮುದಿನಿ ಸೀರೆಯ ಅಂಚು ನೋಡುವ ನೆಪದಲ್ಲಿ ಒಳಗೆ ಹೋಗಿ ಬಂದಿರುತ್ತಿದ್ದಳು. ಕಲ್ಯಾಣಮಂಟಪದವನು ಕೈ ಮುಗಿದು, ನಿಮ್ಮ ಹತ್ತಿರ ಆಗುವುದಿಲ್ಲ ರೈಗಳೇ, ಎಂದಿದ್ದ. ಆಗ ಶರ್ಮಿಳಾ ತಾಯಿಯ ಕಡೆ ನೋಡಿ ತುಟಿ ಕಚ್ಚಿದ್ದಳಲ್ಲ. ಅಪ್ಪನ ಬಗ್ಗೆ ಹೆಮ್ಮೆ ಎಂದುಕೊಂಡಿದ್ದ. ಅದು ನಗು.

ಅಂದರೆ ಸಂಚು ಇತ್ತು. ಜೀವಮಾನವಿಡೀ ಅವನು ಮೂಸಿದ್ದು ಸುಳ್ಳಲ್ಲ. ಎಲ್ಲರೂ ಸೇರಿ ಅವನ ಬೆನ್ನ ಹಿಂದೆ ಮಾತಾಡಿಕೊಂಡದ್ದು ನಿಜವೇ. ಅವರು ದೋಚಿದ್ದೇನೂ ಇಲ್ಲ, ಅವನಿಗೆ ಗೆಲುವು ಕೊಟ್ಟು ಕಳಿಸುತ್ತಿದ್ದರು, ಅಳುವ ಮಗುವಿಗೆ ಬೆಲ್ಲದ ಚೂರು ಕೊಟ್ಟ ಹಾಗೆ. ಮೋಸ ಹೋಗಿದ್ದರೆ ಕೂಗಾಡಬಹುದಿತ್ತು, ಪೊಲೀಸರೆನ್ನಬಹುದಿತ್ತು. ಇದಕ್ಕೆ ಏನೆಂದು ಕೂಗುವುದು? ಎಷ್ಟು ವರ್ಷದಿಂದ ಹೀಗೆ? ಎಷ್ಟು ಅಂಗಡಿಗಳಿಗೆ ಇವಳು ಮೊದಲೇ ಹೋಗಿ, ತಲೆ ತಗ್ಗಿಸಿ, ನಮ್ಮವರು ಸ್ವಲ್ಪ ಹಾಗೆ, ನೀವು ತಪ್ಪು ತಿಳೀಬೇಡಿ, ಎಂದು ಹೇಳಿ ಬಂದಿರಬಹುದು? ಅವಳ ಆ ದನಿ ಅವನಿಗೆ ಕೇಳಿಸಿತು, ಕೇಳಿರದಿದ್ದರೂ. ಕನ್ನಡಿಯಲ್ಲಿ ಹಣೆ ಅಗಲವಾದ, ಮೀಸೆ ನೀಟಾಗಿ ಕತ್ತರಿಸಿದ ಒಬ್ಬ ಮನುಷ್ಯ ನೀರು ಸುಮ್ಮನೆ ಹರಿಯಬಿಟ್ಟು ನಿಂತಿದ್ದ. ಇಲ್ಲಿಂದ ನೇರ ಹೋಗಿ ಜೀಪು ಹತ್ತಬಹುದು. ಮೂರನೆಯ ಸಲ. ಆ ಸಿಟ್ಟು ತಯಾರಾಗಿಯೇ ಇತ್ತು, ಕಾಲು ಬಾಗಿಲ ಕಡೆ ತಿರುಗಿಯೂ ಆಗಿತ್ತು. ಆಗ ಬಿಸಿಲಿಗೆ ಬಿದ್ದ ಅಮ್ಮನ ಆ ತೊಡೆ, ಆಕಾಶ ನೋಡಿದ ವೆಂಕಪ್ಪ. ಅವನು ನಲ್ಲಿ ನಿಲ್ಲಿಸಿದ.

ಮೇಜಿನ ಬಳಿ ಮ್ಯಾನೇಜರ್ ಸಂಪ್ರೀತ್ ಬಂದು ಕುಳಿತಿದ್ದ. ಚಿಕ್ಕ ಪ್ರಾಯದವನು, ಟೈ ಕಟ್ಟಿದ್ದ. "ಸರ್, ಹೆಡ್ ಆಫೀಸಿಗೆ ಮಾತಾಡಿದೆ. ತುಂಬಾ ಕಷ್ಟದಲ್ಲಿ ಒಪ್ಪಿಸಿದ್ದೇನೆ," ಎಂದು ಆ ಸಂಖ್ಯೆ ಹೇಳಿದ. ಆಫ್ರಾ ನೆಲ ನೋಡುತ್ತಿದ್ದಳು. ಕುಮುದಿನಿ ಗಂಡನ ಮುಖ ನೋಡುತ್ತಿದ್ದಳು, ಪರೀಕ್ಷೆಯ ಫಲಿತಾಂಶ ನೋಡುವ ಹಾಗೆ. ಚೀಲದ ಬಾರನ್ನು ಹಿಡಿದ ಅವಳ ಬೆರಳ ಗೆಣ್ಣು ಬಿಳಿಚಿಕೊಂಡಿತ್ತು. ಇಂಥ ಎಷ್ಟು ಮೇಜುಗಳ ಬಳಿ ಆ ಬೆರಳು ಹೀಗೆ ಬಿಳಿಚಿರಬಹುದು, ತಾನು ಒಮ್ಮೆಯೂ ಕಂಡಿರಲಿಲ್ಲ. ಯಾವಾಗಲೂ ಎದುರಿನವನ ಕಣ್ಣನ್ನೇ ನೋಡುತ್ತಿದ್ದೆನಲ್ಲ.

"ಆಗ್ಲಿ," ಎಂದ ಜತ್ತಪ್ಪ.

ಅವಳ ಉಸಿರು ಹೊರಬಂದದ್ದು ಕೇಳಿಸಿತು. ಸಂಪ್ರೀತ್ ಕೈ ನೀಡಿದ. "ನಿಮ್ಮ ಹತ್ರ ಮಾತಾಡಿ ಗೆಲ್ಲುದು ಕಷ್ಟ ಸರ್." ಅದೂ ಹೇಳಿಕೊಟ್ಟ ಮಾತೇ ಇರಬೇಕು. ಮೂವತ್ತೆರಡು ವರ್ಷದಿಂದ ಅವನಿಗೆ ನಿದ್ದೆ ತಂದ ಮಾತು. ಜತ್ತಪ್ಪ ಕೈ ಕುಲುಕಿದ, ಗೆದ್ದವನು ನಗುವಷ್ಟು ನಕ್ಕ. ಕೆನ್ನೆ ನೋಯಿತು.

"ಒಂದು ವಿಷಯ," ಎಂದ ಆಮೇಲೆ. "ಬಾಗಿಲ ಕೆಳಗೆ ಕಾಲಿಡ್ಲಿಕ್ಕೆ ಒಂದು ಮೆಟ್ಟಿಲು ಬೇಕು. ಒಳಗೆ ಹಿಡ್ಕೊಳ್ಳಿಕ್ಕೆ ಒಂದು ಹಿಡಿ. ಪ್ರಾಯ ಆದವರಿಗೆ."

ಆಫ್ರಾ ಕುಮುದಿನಿಯತ್ತ ನೋಡಿದಳು, ಕುಮುದಿನಿ ಆಫ್ರಾಳತ್ತ. ಇದು ಅವರ ಲೆಕ್ಕದಲ್ಲಿ ಇರಲಿಲ್ಲ. ಸಂಪ್ರೀತನೂ ಈ ಸಲ ನಿಜವಾಗಿ ತಡವರಿಸಿದ. "ಸರ್, ಅದು ನಮ್ಮಲ್ಲಿ ಉಂಟು, ಆದ್ರೆ ಫ್ರೀ ಕೊಡ್ಲಿಕ್ಕೆ ಆಗುದಿಲ್ಲ. ಈ ರೇಟಿಗೆ ನಿಜವಾಗಿಯೂ ಆಗುದಿಲ್ಲ."

ಇಲ್ಲಿ ಅವನು ಏಳುತ್ತಾನೆ ಎಂದು ಮೇಜಿನ ಸುತ್ತ ಇದ್ದವರಿಗೆಲ್ಲ ಗೊತ್ತು. ಕುಮುದಿನಿಯ ಕೈ ಅವನ ತೋಳಿನ ಕಡೆ ಹೊರಟು ನಡುವೆಯೇ ನಿಂತಿತು.

"ಫ್ರೀ ಬೇಡ. ಎಷ್ಟಾಗ್ತದೋ ಅದನ್ನು ಸೇರಿಸಿ ಬರೀರಿ," ಎಂದ ಜತ್ತಪ್ಪ. "ಮೆಟ್ಟಿಲು ಮಾತ್ರ ಗಟ್ಟಿ ಇರ್ಬೇಕು." ಎಷ್ಟೆಂದು ಅವನು ಕೇಳಲಿಲ್ಲ.

ತಣ್ಣಗಾಗಿದ್ದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಬರೆಯುವುದು ಮುಗಿಯುವವರೆಗೆ ಅವನು ಬಿಳಿ ವ್ಯಾನಿನ ಬಾಗಿಲನ್ನು ಸರಿಸಿ ಒಳಗೆ ಕುಳಿತ. ಸೀಟಿನ ಎತ್ತರ ಅಮ್ಮನಿಗೆ ಸರಿಯಾಗುತ್ತಿತ್ತು.

ಮಧ್ಯಾಹ್ನದ ಬಿಸಿಲಿನಲ್ಲಿ ಜೀಪು ಸವಣೂರು ದಾಟಿತು. ಬೇರೆ ದಿನವಾದರೆ ಗೆದ್ದು ಬರುವ ದಾರಿಯಲ್ಲಿ ಅವನ ಬಾಯಿಗೆ ಬಿಡುವಿರುತ್ತಿರಲಿಲ್ಲ, ಅವನು ಹೀಗೆ ಅಂದ, ನಾನು ಹಾಗೆ ಅಂದೆ, ಕೊನೆಗೆ ಬಾಲ ಮುದುರಿದ. ಅವಳು ಹೂಂಗುಟ್ಟುತ್ತ ಕೇಳುತ್ತಿದ್ದಳು. ಇವತ್ತೂ ಶುರು ಮಾಡಬೇಕೆಂದು ಎರಡು ಸಲ ಬಾಯಿ ತೆರೆದ. ಅವಳಿಗೆ ಸಲ್ಲಬೇಕಾದದ್ದು ಅದು, ಇಷ್ಟು ಕಷ್ಟಪಟ್ಟದ್ದಕ್ಕೆ. ಎರಡು ಸಲವೂ ಮುಂದಿನ ತಿರುವು ನೋಡಿ ಹಾರ್ನು ಒತ್ತಿದ. ಶಾಂತಿಮೊಗರಿನ ಸೇತುವೆಯ ಮೇಲೆ ಬಂದಾಗ ಕುಮಾರಧಾರೆ ಕೆಳಗೆ ಸಣ್ಣಗೆ, ಕಲ್ಲುಗಳ ನಡುವೆ ದಾರಿ ಹುಡುಕುತ್ತ ಹರಿಯುತ್ತಿತ್ತು.

"ಹಿಂದಿನ ಅಂಗಳದಲ್ಲಿ ಡೊಂಬಯ್ಯ ಸಿಕ್ಕಿದ್ನಾ?" ಎಂದು ಕುಮುದಿನಿ ಕೇಳಿದಳು. ಕಣ್ಣು ಹೊಳೆಯ ಕಡೆಗಿತ್ತು.

"ಹೂಂ."

"ಎಂತ ಹೇಳಿದ?"

ಅವನು ಗೇರು ಬದಲಿಸಿದ. "ಎಂತ ಇಲ್ಲ. ಮಗಳಿಗೆ ನೆಲ್ಯಾಡಿ ಕಡೆಯಿಂದ ಒಂದು ಸಂಬಂಧ ಬಂದಿದೆಯಂತೆ."

ಮಾತು ಹೊರಬಿದ್ದ ಮೇಲೆ ನೆನಪಾಯಿತು, ಡೊಂಬಯ್ಯನಿಗೆ ಹೆಣ್ಣುಮಕ್ಕಳಿಲ್ಲ. ಇರುವವರು ಇಬ್ಬರೂ ಗಂಡುಮಕ್ಕಳು. ಇಬ್ಬರಿಗೂ ಚಿಕ್ಕಂದಿನಲ್ಲಿ ಕುಮುದಿನಿ ಮನೆಯ ಜಗಲಿಯಲ್ಲಿ ಕೂರಿಸಿ ಲೆಕ್ಕ ಹೇಳಿಕೊಟ್ಟಿದ್ದಳು.

ಅವಳು ಹೊಳೆಯಿಂದ ಕಣ್ಣು ತೆಗೆದು ಅವನನ್ನು ನೋಡಿದಳು. ಅವನು ರಸ್ತೆಯನ್ನೇ ನೋಡುತ್ತಿದ್ದ. ಸೇತುವೆ ಮುಗಿಯಿತು, ಜೀಪು ಏರು ಹತ್ತತೊಡಗಿತು.

"ಒಳ್ಳೆ ಮನೆಯವರಂತಾ?" ಎಂದು ಕೇಳಿದಳು.

"ಒಳ್ಳೆಯವರಂತೆ," ಎಂದ ಜತ್ತಪ್ಪ.

"ಹಾಗಾದ್ರೆ ಆಗ್ಲಿ," ಎಂದಳು ಕುಮುದಿನಿ. ಗಾಳಿಗೆ ಹಾರುತ್ತಿದ್ದ ಸೆರಗನ್ನು ಎಳೆದು ಮಡಿಲಲ್ಲಿ ಸಿಕ್ಕಿಸಿಕೊಂಡಳು.